ಆಟಿಯಲ್ಲಿ ಮೈನ್ಸ್: ಮಳೆಗಾಲದ ಓದಿನ ಲೆಕ್ಕ

ಪಕ್ಕದ ಮನೆಯ ಹುಡುಗಿ ಮೊನ್ನೆ ಬಂದಿದ್ದಳು. "ಅಕ್ಕಾ, ನಿಮ್ಮ ಹಳೇ ಯುಪಿಎಸ್‌ಸಿ ಟೈಂಟೇಬಲ್ ಇದ್ರೆ ಕೊಡಿ" ಅಂದಳು. ಇದೆ, ಆದರೆ ಕೊಡಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ರಾತ್ರಿ ಹನ್ನೊಂದಕ್ಕೆ ಮಲಗುವುದು, ನಡುವೆ ನಾಲ್ಕು ಬಣ್ಣದ ಗೀಟುಗಳು. ಅದು ನಡೆದದ್ದು ಒಂಬತ್ತು ದಿನ. ಹತ್ತನೇ ದಿನ ಅಡಿಕೆ ತೋಟಕ್ಕೆ ಮದ್ದು ಬಿಡಲು ಜನ ಬಂದರು. ನಾನು ಡ್ರಮ್ಮಿನ ಹತ್ತಿರ ಮೈಲುತುತ್ತು ಕರಗಿಸುತ್ತಾ ನಿಂತೆ. ಗೀಟೆಲ್ಲ ಗೋಡೆಯಲ್ಲೇ ಉಳಿಯಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು (ಮೈನ್ಸ್) ಎರಡು ಸಲ ಕನ್ನಡದಲ್ಲಿ ಬರೆದಿದ್ದೇನೆ. ಎರಡನೇ ಸಲ ಸಂದರ್ಶನದವರೆಗೆ ಹೋದೆ, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹಾಗಾಗಿ ಇದು ಗೆದ್ದವಳ ಮಾತಲ್ಲ. ಮೊದಲ ಸಲ ಎಲ್ಲಿ ಎಡವಿದೆ, ಎರಡನೇ ಸಲ ಏನು ಬದಲಿಸಿದೆ, ಅಷ್ಟು ಹೇಳಬಲ್ಲೆ.

ಮೊದಲು ಕ್ಯಾಲೆಂಡರ್ ಹಿಡಿಯಿರಿ. 2024ರಲ್ಲಿ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಜೂನ್ 16ಕ್ಕೆ, ಮೈನ್ಸ್ ಸೆಪ್ಟೆಂಬರ್ 20ಕ್ಕೆ ಶುರು. 2025ರಲ್ಲಿ ಮೇ 25 ಮತ್ತು ಆಗಸ್ಟ್ 22. ನಡುವೆ ಸಿಗುವುದು ಸುಮಾರು ಮೂರು ತಿಂಗಳು. ನಮ್ಮೂರಲ್ಲಿ ಅದು ಸರಿಯಾಗಿ ಮಳೆಗಾಲ. ಮದುವೆ, ಮನೆ ಒಕ್ಕಲು ಇಲ್ಲದ ತುಳುವರ ಆಟಿ ತಿಂಗಳು ಅದರೊಳಗೇ ಬರುತ್ತದೆ, ಅದೊಂದು ಪುಣ್ಯ. ಆದರೆ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಕೊಳೆರೋಗಕ್ಕೆ ಎರಡನೇ ಮದ್ದು ಬಿಡುವುದೂ ಅದೇ ಹೊತ್ತಿಗೆ. ಓದುವ ದಿನಗಳನ್ನು ಬರೆಯುವ ಮೊದಲು ಓದಲಾಗದ ದಿನಗಳನ್ನು ಬರೆದುಕೊಳ್ಳಿ. ನನ್ನ ಲೆಕ್ಕದಲ್ಲಿ 90ರಲ್ಲಿ 17 ದಿನ ಹಾಗೇ ಹೋಯಿತು. ಉಳಿದ 73 ದಿನಕ್ಕೆ ಯೋಜನೆ ಹಾಕಿದೆ. ಅದು ಮಾತ್ರ ಕೊನೆವರೆಗೆ ನಿಂತಿತು. ಪ್ರಿಲಿಮ್ಸ್ ಫಲಿತಾಂಶ ಬರಲಿ ಅಂತ ಕಾದು ಕೂತರೆ ಅದರಲ್ಲೂ ಎರಡು ವಾರ ಕಳೆಯುತ್ತದೆ. ಉತ್ತರ ತಾಳೆ ಹಾಕಿ, ಪಾಸಾಗುವ ಅಂಕದ ಗಡಿಯ ಹತ್ತಿರ ಇದ್ದೇನೆ ಅನ್ನಿಸಿದರೂ ಮರುದಿನವೇ ಬರೆಯಲು ಕೂತುಬಿಡಿ.

ಬರೆಯಲು ಅಂದೆ, ಓದಲು ಅಲ್ಲ. ಮೊದಲ ಸಲ ನಾನು ತಪ್ಪಿದ್ದು ಇಲ್ಲೇ. ಮೈನ್ಸ್‌ನಲ್ಲಿ ಲೆಕ್ಕಕ್ಕೆ ಬರುವುದು ಏಳು ಪತ್ರಿಕೆ: ಪ್ರಬಂಧ ಒಂದು, ಸಾಮಾನ್ಯ ಅಧ್ಯಯನ ನಾಲ್ಕು, ನಾವೇ ಆರಿಸಿಕೊಳ್ಳುವ ಐಚ್ಛಿಕ ವಿಷಯ ಎರಡು. ಒಂದೊಂದಕ್ಕೆ 250, ಒಟ್ಟು 1750 ಅಂಕ. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ 20 ಪ್ರಶ್ನೆ, ಮೂರು ಗಂಟೆ. ಹತ್ತು ಅಂಕದ್ದು ಹತ್ತು, ಹದಿನೈದು ಅಂಕದ್ದು ಹತ್ತು. ಮೊದಲನೆಯದಕ್ಕೆ 7 ನಿಮಿಷ, ಎರಡನೆಯದಕ್ಕೆ 11 ನಿಮಿಷ ಕೊಟ್ಟರೆ ಸರಿಯಾಗಿ 180 ನಿಮಿಷ. ಕೈ ಕೊಡವಿಕೊಳ್ಳಲೂ ಪುರುಸೊತ್ತಿಲ್ಲ. ಮೊದಲ ದಿನ ಮೊಬೈಲಿನಲ್ಲಿ ಗಂಟೆ ಇಟ್ಟು ಹದಿನೈದು ಅಂಕದ ಒಂದು ಉತ್ತರ ಬರೆದೆ. 19 ನಿಮಿಷ ಹಿಡಿಯಿತು! ಒತ್ತಕ್ಷರ, ದೀರ್ಘ, ಸೊನ್ನೆ ಎಲ್ಲ ಹಾಕಿ ಬರೆಯಲು ಕನ್ನಡದಲ್ಲಿ ಸಮಯ ಬೇಕು. ಅದು ಓದಿನಿಂದ ಬರುವುದಿಲ್ಲ, ಕೈಗೆ ರೂಢಿಯಾಗಬೇಕು.

ಹಾಗಾಗಿ ದಿನದ ಲೆಕ್ಕವನ್ನು ಗಂಟೆಯಲ್ಲಿ ಹಾಕಲಿಲ್ಲ, ಉತ್ತರದಲ್ಲಿ ಹಾಕಿದೆ. ಮೊದಲ ತಿಂಗಳು ದಿನಕ್ಕೆ ನಾಲ್ಕು, ಎರಡನೇ ತಿಂಗಳು ಎಂಟು. ಕೊನೆಯ ತಿಂಗಳಲ್ಲಿ ವಾರಕ್ಕೆರಡು ಪೂರ್ತಿ ಪತ್ರಿಕೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಒಂದೇ ದಿನ. ಪರೀಕ್ಷೆಯಲ್ಲೂ ಹಾಗೇ ಬರುತ್ತದಲ್ಲಾ. ಊಟ ಮಾಡಿ ಎರಡನೇ ಸಲ ಕೂತಾಗ ಕಣ್ಣು ಎಳೆಯುತ್ತದೆ, ಅದನ್ನು ಮನೆಯಲ್ಲೇ ಅನುಭವಿಸಿ ನೋಡಬೇಕು. ತೋಟದ ಕೆಲಸ ಬಿದ್ದ ದಿನ ಎರಡೇ ಉತ್ತರ, ಆದರೆ ಸೊನ್ನೆ ಆಗದ ಹಾಗೆ ನೋಡಿಕೊಂಡೆ. ಓದಿದ್ದು ಆ ಉತ್ತರಕ್ಕೆ ಬೇಕಾದಷ್ಟು. ನನ್ನ ಐಚ್ಛಿಕ ಕನ್ನಡ ಸಾಹಿತ್ಯ. ಅದರ ಓದನ್ನು ಜನವರಿಯೊಳಗೆ ಮುಗಿಸಿಟ್ಟಿದ್ದೆ. ನೀವೂ ಮಳೆಗಾಲಕ್ಕೆ ಉಳಿಸಬೇಡಿ.

ಇನ್ನು ಭಾಷೆಯ ವಿಷಯ. ನಮ್ಮ ಕಡೆಯವರಿಗೆ ಇದೇ ದೊಡ್ಡದು.

ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಉತ್ತರ ಕನ್ನಡದಲ್ಲಿ ಬರೆಯಬೇಕು. ಓದುವುದೂ ಬಹುಪಾಲು ಇಂಗ್ಲಿಷೇ. ಸುತ್ತ ಕೇಳುವುದು ಮಲಯಾಳ. ಇದೆಲ್ಲ ತಲೆಯೊಳಗೆ ಕಲಸಿಹೋಗುತ್ತದೆ. ಒಮ್ಮೆ ಅಭ್ಯಾಸಕ್ಕೆ ಬರೆದ ಉತ್ತರದಲ್ಲಿ ನಾನು "ಮಾಹಿತಿ ಅವಕಾಶ ಕಾಯ್ದೆ" ಅಂತ ಬರೆದಿದ್ದೆ. ನಿವೃತ್ತ ಕನ್ನಡ ಮಾಷ್ಟ್ರು ಒಬ್ಬರು ನನ್ನ ಉತ್ತರ ನೋಡಿಕೊಡುತ್ತಿದ್ದರು. ಅವರು ಕನ್ನಡಕ ತೆಗೆದು ನಕ್ಕರು. ಮಲಯಾಳದ ಅವಕಾಶ ಅಂದರೆ ಹಕ್ಕು. ಮಲಯಾಳದ ಅವಸರ ಅಂದರೆ ನಮ್ಮ ಅವಕಾಶ. ಅಲ್ಲಿನ ಅಪೇಕ್ಷೆ ಅಂದರೆ ನಮ್ಮ ಅರ್ಜಿ. ದಿನಾ ಪಂಚಾಯತು ಆಫೀಸಿನ ಬೋರ್ಡು ಓದುವ ಕಣ್ಣು, ಮೋಸ ಹೋಗಿದ್ದೇ ಗೊತ್ತಾಗುವುದಿಲ್ಲ!

ಅವತ್ತಿನಿಂದ ಒಂದು ಪದಪುಸ್ತಕ ಇಟ್ಟೆ. ಉದ್ದದ ಲೆಕ್ಕದ ಪುಸ್ತಕ, ಅಂಗಡಿಯಲ್ಲಿ ಸಿಗುವಂಥದ್ದು. ಎಡಗಡೆ ಇಂಗ್ಲಿಷ್ ಪದ, ನಡುವೆ ಕನ್ನಡ, ಬಲಗಡೆ ನಾನು ತಪ್ಪು ಬರೆಯಬಹುದಾದದ್ದು. ಫಿಸ್ಕಲ್ ಡೆಫಿಸಿಟ್ ಅಂದರೆ ವಿತ್ತೀಯ ಕೊರತೆ, ರೆವಿನ್ಯೂ ಡೆಫಿಸಿಟ್ ಅಂದರೆ ರಾಜಸ್ವ ಕೊರತೆ, ಎರಡನ್ನೂ ಬರೇ ಕೊರತೆ ಅಂದರೆ ಉತ್ತರ ಸತ್ತಂತೆ. ಆರ್ಡಿನೆನ್ಸ್ ಅಂದರೆ ಸುಗ್ರೀವಾಜ್ಞೆ. ಒಂದು ಪದಕ್ಕೆ ಒಂದೇ ಕನ್ನಡ ಪದ ಇಟ್ಟುಕೊಂಡು ಎಲ್ಲ ಪತ್ರಿಕೆಯಲ್ಲೂ ಅದನ್ನೇ ಬಳಸಿ. ತಾಂತ್ರಿಕ ಪದಕ್ಕೆ ಪಕ್ಕದಲ್ಲಿ ಆವರಣ ಹಾಕಿ ಇಂಗ್ಲಿಷ್ ರೂಪ ಕೊಡಲು ಆಯೋಗವೇ ಬಿಡುತ್ತದೆ, ಆದರೆ ಪ್ರತಿ ಸಾಲಿಗೂ ಬೇಡ. ಪ್ರಶ್ನೆಯ ಕೊನೆಯ ಪದವನ್ನೂ ಪುಸ್ತಕದಲ್ಲಿ ಬರೆದಿಡಿ. "ಚರ್ಚಿಸಿ" ಬೇರೆ, "ವಿಮರ್ಶಾತ್ಮಕವಾಗಿ ಪರಿಶೀಲಿಸಿ" ಬೇರೆ. ಎರಡನೆಯದರಲ್ಲಿ ಒಳಿತು ಕೆಡುಕು ಎರಡನ್ನೂ ತೂಗಿ ಒಂದು ತೀರ್ಮಾನಕ್ಕೆ ಬರಬೇಕು.

ಅರ್ಹತೆಗೆ ಮಾತ್ರ ಇರುವ ಭಾಷಾ ಪತ್ರಿಕೆಗಳನ್ನು ಕಡೆಗಣಿಸಬೇಡಿ. ಕನ್ನಡ 300, ಇಂಗ್ಲಿಷ್ 300, ಒಂದೊಂದರಲ್ಲೂ 25 ಶೇಕಡಾ ಬೇಕು. ಬಾರದಿದ್ದರೆ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಾರಕ್ಕೊಂದು ಅನುವಾದ, ಒಂದು ಸಂಕ್ಷೇಪ ಲೇಖನ ಸಾಕು.

ಉದಾಹರಣೆಗೆ ದೂರ ಹೋಗಬೇಡಿ, ಊರಲ್ಲೇ ಬೇಕಾದಷ್ಟಿದೆ. ನೀರಿನ ಪ್ರಶ್ನೆ ಬಂದರೆ ನಮ್ಮ ಸುರಂಗ ಇದೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು, ಪಂಪಿಲ್ಲದೆ ನೀರು ಹರಿಸಿಕೊಳ್ಳುವ ದಾರಿ. ಕೀಟನಾಶಕ, ಸರ್ಕಾರದ ಹೊಣೆ ಅಂದರೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, 2011ರ ಸುಪ್ರೀಂ ಕೋರ್ಟಿನ ತಡೆ. ಭಾಷಾ ಅಲ್ಪಸಂಖ್ಯಾತರ ಬಗ್ಗೆ ಕೇಳಿದರೆ ಸಂವಿಧಾನದ 350ಎ, 350ಬಿ ವಿಧಿಗಳು, ಎರಡೂ 1956ರ ಏಳನೇ ತಿದ್ದುಪಡಿಯಲ್ಲಿ ಬಂದವು.

ಆದರೆ ರಾಜ್ಯ ಪುನರ್‌ವಿಂಗಡಣೆಯ ಪ್ರಶ್ನೆ ಬಂದಾಗ ಹುಷಾರು. ಮೊದಲ ಸಲ ಅಭ್ಯಾಸದಲ್ಲಿ ಅದು ಬಂದಾಗ ನಾನು ಮೂರು ಪುಟ ಪೂರ್ತಿ ಕಾಸರಗೋಡನ್ನೇ ಬರೆದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1, ಗಡಿ ವಿವಾದ ನೋಡಿದ ಮಹಾಜನ ಆಯೋಗ, ಚಂದ್ರಗಿರಿ ಹೊಳೆ, ಅಜ್ಜ ಹೇಳಿದ ಕತೆ. ಮಾಷ್ಟ್ರು ಓದಿ, "ಇದು ಉತ್ತರ ಅಲ್ಲ ಮಗಾ, ದೂರು" ಅಂದರು. ಈಗ ಎರಡೇ ಸಾಲು ಕೊಡುತ್ತೇನೆ: ಮಹಾಜನ ಆಯೋಗದ 1967ರ ವರದಿ ಹೊಳೆಯ ಉತ್ತರ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಲು ಹೇಳಿತು, ಅದು ಜಾರಿಯಾಗಲಿಲ್ಲ. ಅಷ್ಟೆ. ಉಳಿದ ಜಾಗ ರಾಜ್ಯಗಳ ಪುನರ್‌ವಿಂಗಡಣೆಗೆ ಶಿಫಾರಸು ಮಾಡಿದ ಫಜಲ್ ಅಲಿ ಆಯೋಗಕ್ಕೆ, ದೇಶದ ಬೇರೆ ಭಾಗಗಳಿಗೆ.

ಮಳೆಗೆ ಕಾಗದ ಪಸೆಯಾಗಿ ಶಾಯಿ ಹರಡುತ್ತದೆ. ಬಾಲ್ ಪೆನ್ನು ಹಿಡಿಯಿರಿ, ಪದಪುಸ್ತಕವನ್ನು ಅಕ್ಕಿ ಡಬ್ಬಿಯ ಮೇಲೆ, ಒಲೆಯ ಬಿಸಿ ತಾಗುವಲ್ಲಿ ಇಡಿ.

ಕೇಂದ್ರ ತಿರುವನಂತಪುರವೂ ಇದೆ, ಬೆಂಗಳೂರೂ ಇದೆ. ನಾನು ಬೆಂಗಳೂರು ತೆಗೆದುಕೊಂಡೆ. ಪರೀಕ್ಷೆ ಐದು ದಿನ, ಎರಡು ವಾರಾಂತ್ಯಕ್ಕೆ ಹರಡಿರುತ್ತದೆ. ನಡುವೆ ಊರಿಗೆ ಬಂದು ಹೋಗುವ ಆಸೆ ಬೇಡ, ಹತ್ತು ಹನ್ನೆರಡು ದಿನಕ್ಕೆ ಉಳಿಯುವ ಜಾಗ ಮೊದಲೇ ನೋಡಿಕೊಳ್ಳಿ. ಆ ಹೊತ್ತಿಗೆ ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತದೆ. ಮೂರು ದಿನ ಮುಂಚೆ ಹೊರಡಿ.