ಎಂಪಿಎಲ್‌ಎಸ್ ಜಾಲದಲ್ಲಿ ಬ್ಯಾಕಪ್ ಟನೆಲ್ ಕಟ್ಟುವ ಕ್ರಮ

ಹೆದ್ದಾರಿ 66ರ ಬದಿಯ ಫೈಬರ್ ರಸ್ತೆ ಕಾಮಗಾರಿಯಲ್ಲಿ ತುಂಡಾದಾಗ, ರೂಟರುಗಳೆಲ್ಲ ಸುದ್ದಿ ಹಂಚಿಕೊಂಡು ಹೊಸ ದಾರಿಯನ್ನು ಲೆಕ್ಕಹಾಕುವಷ್ಟರಲ್ಲಿ ನಡೆಯುತ್ತಿರುವ ಕರೆಗಳು ಕಡಿದುಹೋಗಬಹುದು. ಬದಲಿ ದಾರಿಯನ್ನು ಮೊದಲೇ ಕಟ್ಟಿಟ್ಟು, ಕಡಿತಕ್ಕೆ ಹತ್ತಿರವಿರುವ ರೂಟರೇ ದಟ್ಟಣೆಯನ್ನು ಸುಮಾರು 50 ಮಿಲಿಸೆಕೆಂಡಿನೊಳಗೆ ಅದಕ್ಕೆ ತಿರುಗಿಸುವ ಫಾಸ್ಟ್ ರೀರೂಟ್ ವಿಧಾನವನ್ನು ಇಂಟರ್ನೆಟ್ ಮಾನದಂಡದ ದಾಖಲೆಯಾದ 2005ರ ಆರ್‌ಎಫ್‌ಸಿ 4090 ವಿವರಿಸುತ್ತದೆ.

ಎಂಪಿಎಲ್‌ಎಸ್ ಎಂದರೆ ಪ್ಯಾಕೆಟಿಗೆ ಲೇಬಲ್ ಎಂಬ ಸಂಖ್ಯೆ ಹಚ್ಚಿ, ಅದನ್ನು ನೋಡಿ ಮುಂದಕ್ಕೆ ಕಳಿಸುವ ವಿಧಾನ; ಅದರಲ್ಲಿ ಮೊದಲೇ ಗೊತ್ತುಮಾಡಿದ ದಾರಿಯೇ ಟನೆಲ್. ಉದಾಹರಣೆಗೆ, ಮುಖ್ಯ ಟನೆಲ್ ಮಂಗಳೂರಿನಿಂದ ಮೂಲ್ಕಿ, ಉಡುಪಿ ಮಾರ್ಗವಾಗಿ ಕುಂದಾಪುರಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಒಳನಾಡಿನಲ್ಲಿ ಮಂಗಳೂರು–ಮೂಡುಬಿದಿರೆ–ಕಾರ್ಕಳ–ಉಡುಪಿ ಎಂಬ ಇನ್ನೊಂದು ದಾರಿಯಿದ್ದು, ಮೂಡುಬಿದಿರೆಯಿಂದ ಕಿನ್ನಿಗೋಳಿ ಮೂಲಕ ಮೂಲ್ಕಿಗೂ ಸಂಪರ್ಕವಿರಲಿ. ಮಂಗಳೂರು–ಮೂಲ್ಕಿ ಲಿಂಕ್ ಕಡಿದುಹೋಗುವುದಕ್ಕೆ ಮಾತ್ರ ರಕ್ಷಣೆ ಸಾಕೆಂದಾದರೆ, ಮೂಡುಬಿದಿರೆ ಸುತ್ತಿ ಮೂಲ್ಕಿಗೇ ಸೇರುವ ಬ್ಯಾಕಪ್ ಟನೆಲ್ ಸಾಕಾಗುತ್ತದೆ. ಮೂಲ್ಕಿಯ ರೂಟರೇ ನಿಂತುಹೋಗುವ ಸಾಧ್ಯತೆಯನ್ನೂ ಗಣಿಸುವುದಾದರೆ, ಬ್ಯಾಕಪ್ ಟನೆಲ್ ಮೂಲ್ಕಿಯನ್ನು ಬಿಟ್ಟು ಕಾರ್ಕಳದ ಮೂಲಕ ನೇರ ಉಡುಪಿಯಲ್ಲಿ ಕೊನೆಗೊಳ್ಳಬೇಕು. ಸಾಧ್ಯವಿರುವಲ್ಲೆಲ್ಲ ಈ ಎರಡನೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಲಿಂಕ್ ಮತ್ತು ರೂಟರ್ ಎರಡನ್ನೂ ಕಾಯುತ್ತದೆ.

ಸಿಸ್ಕೊ ರೂಟರುಗಳ ತಂತ್ರಾಂಶವಾದ ಐಒಎಸ್‌ನಲ್ಲಿ ಕೆಲಸ ಮೂರು ಕಡೆ ನಡೆಯುತ್ತದೆ. ಮೊದಲು ಮಂಗಳೂರಿನ ರೂಟರಿನಲ್ಲಿ ಉಡುಪಿಯನ್ನು ಗುರಿಯಾಗಿಟ್ಟು ಹೊಸ ಟನೆಲ್ ಇಂಟರ್‌ಫೇಸ್ ತೆರೆದು, ಅದರ ಎಕ್ಸ್‌ಪ್ಲಿಸಿಟ್ ಪಾತ್‌ನಲ್ಲಿ (ನಾವೇ ಬರೆದುಕೊಡುವ ದಾರಿಯ ನಿಯಮ) ‘ಎಕ್ಸ್‌ಕ್ಲೂಡ್-ಅಡ್ರೆಸ್’ ಮೂಲಕ ಮೂಲ್ಕಿಯ ರೂಟರ್ ಐಡಿಯನ್ನು, ಅಂದರೆ ಇಡೀ ರೂಟರನ್ನು ಗುರುತಿಸುವ ವಿಳಾಸವನ್ನು, ಹೊರಗಿಡಬೇಕು. ಅಲ್ಲಿ ಇಂಟರ್‌ಫೇಸಿನ ವಿಳಾಸ ಕೊಟ್ಟರೆ ಆ ಲಿಂಕ್ ಮಾತ್ರ ಹೊರಗುಳಿಯುತ್ತದೆ. ಬಳಿಕ ಮೂಲ್ಕಿಯ ಕಡೆಗಿರುವ ಭೌತಿಕ ಇಂಟರ್‌ಫೇಸಿಗೆ ‘ಬ್ಯಾಕಪ್-ಪಾತ್’ ಆದೇಶದಿಂದ ಈ ಟನೆಲನ್ನು ಕಟ್ಟಬೇಕು. ಕೊನೆಗೆ, ಮುಖ್ಯ ಟನೆಲ್ ಆರಂಭವಾಗುವ ರೂಟರಿನಲ್ಲಿ ಆ ಟನೆಲಿಗೆ ‘ಫಾಸ್ಟ್-ರೀರೂಟ್’ ಕೊಡಬೇಕು; ಇದನ್ನು ಮರೆತರೆ ಉಳಿದದ್ದೆಲ್ಲ ಸರಿಯಿದ್ದರೂ ಆ ಟನೆಲಿಗೆ ರಕ್ಷಣೆ ಸಿಗುವುದಿಲ್ಲ. ಬ್ಯಾಕಪ್ ಟನೆಲಿಗೆ ‘ಆಟೋರೂಟ್ ಅನೌನ್ಸ್’ ಹಾಕಬಾರದು, ಹಾಕಿದರೆ ಮಾಮೂಲಿ ದಟ್ಟಣೆಯೂ ಅದರೊಳಗೆ ನುಗ್ಗುತ್ತದೆ.

ಕಡಿತವಾದ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಉಡುಪಿಯ ರೂಟರ್ ಮುಖ್ಯ ಟನೆಲಿಗೆ 31ನೆಯ ಲೇಬಲ್ ಕೊಟ್ಟಿದೆ ಎಂದಿಟ್ಟುಕೊಂಡರೆ, ಆ ಸಂಖ್ಯೆ ಟನೆಲ್ ಕಟ್ಟಲು ರೂಟರುಗಳು ಬಳಸುವ ಆರ್‌ಎಸ್‌ವಿಪಿ ಸಂದೇಶದಲ್ಲಿ ದಾಖಲಾಗಿ ಮಂಗಳೂರಿಗೆ ಮೊದಲೇ ತಿಳಿದಿರುತ್ತದೆ. ಮಂಗಳೂರು 31ನ್ನು ಒಳಗಿಟ್ಟು, ಮೇಲೆ ಬ್ಯಾಕಪ್ ಟನೆಲಿನ ಲೇಬಲನ್ನು ಹೊದಿಸಿ ಮೂಡುಬಿದಿರೆಗೆ ಕಳಿಸುತ್ತದೆ. ಕಾರ್ಕಳ ಆ ಹೊದಿಕೆಯನ್ನು ತೆಗೆಯುತ್ತದೆ. ಉಡುಪಿ 31ನ್ನು ಕಂಡು ಪ್ಯಾಕೆಟನ್ನು ಎಂದಿನಂತೆ ಕುಂದಾಪುರಕ್ಕೆ ದಾಟಿಸುತ್ತದೆ. ಪ್ರತಿ ಲೇಬಲ್ 4 ಬೈಟ್ ಆದುದರಿಂದ, ಗ್ರಾಹಕರ ಖಾಸಗಿ ಜಾಲವನ್ನು ಗುರುತಿಸುವ ವಿಪಿಎನ್ ಲೇಬಲ್ ಸೇರಿ ಮೂರಾದಾಗ 1500 ಬೈಟಿನ ಪ್ಯಾಕೆಟ್ 1512 ಆಗುತ್ತದೆ. ಒಳನಾಡಿನ ದಾರಿಯ ಒಂದೇ ಒಂದು ಲಿಂಕಿನ ಎಂಟಿಯು (ಅದು ಸಾಗಿಸಬಲ್ಲ ಅತಿ ದೊಡ್ಡ ಪ್ಯಾಕೆಟಿನ ಗಾತ್ರ) ಇದಕ್ಕಿಂತ ಕಡಿಮೆಯಿದ್ದರೂ, ಸಣ್ಣ ಪಿಂಗ್ ಸರಾಗವಾಗಿ ಹೋಗಿ ದೊಡ್ಡ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ.

ರೂಟರಿನಲ್ಲಿ ಈ ಆದೇಶಗಳನ್ನು ಬರೆಯುವುದು ಸುಲಭ. ನೆಲದಡಿಯ ಕೇಬಲ್ ಎಲ್ಲಿ ಹೋಗಿದೆ ಎಂದು ಪತ್ತೆಮಾಡುವುದೇ ನಿಜವಾದ ಕೆಲಸ. ಉಡುಪಿಯ ಹೆದ್ದಾರಿಯೂ ಮೂಡುಬಿದಿರೆಯ ಹೆದ್ದಾರಿಯೂ ಮಂಗಳೂರಿನಲ್ಲಿ ನಂತೂರಿನಲ್ಲಿ ಕೂಡುತ್ತವೆ. ಕಚೇರಿಯಿಂದ ನಂತೂರಿನವರೆಗೆ ಎರಡು ಕೇಬಲುಗಳೂ ನೆಲದಡಿಯ ಒಂದೇ ಕೊಳವೆಯಲ್ಲಿ, ಅಂದರೆ ಡಕ್ಟಿನಲ್ಲಿ, ಇದ್ದರೆ, ನಕ್ಷೆಯಲ್ಲಿ ಎರಡು ದಾರಿ ಕಂಡರೂ ಒಂದೇ ಅಗೆತಕ್ಕೆ ಎರಡೂ ಹೋಗುತ್ತವೆ. ರೂಟರಿಗೆ ಇದು ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಫೈಬರ್ ತಂಡದೊಂದಿಗೆ ದಾರಿಯುದ್ದಕ್ಕೂ ನಡೆದು ನೋಡಿ, ಡಕ್ಟ್ ಅಥವಾ ಸೇತುವೆ ಹಂಚಿಕೊಳ್ಳುವ ಲಿಂಕುಗಳಿಗೆ ಒಂದೇ ಎಸ್‌ಆರ್‌ಎಲ್‌ಜಿ (ಒಟ್ಟಿಗೆ ಕಡಿಯುವ ಅಪಾಯವಿರುವ ಲಿಂಕುಗಳ ಗುಂಪು) ಸಂಖ್ಯೆ ಕೊಡಿ. ಬ್ಯಾಕಪ್ ದಾರಿಯ ಲೆಕ್ಕದಲ್ಲಿ ಆ ಗುಂಪನ್ನು ಹೊರಗಿಡಿ.

ಕಡಿತವನ್ನು ಗುರುತಿಸುವ ವೇಗವೂ ಮುಖ್ಯ. ನಡುವೆ ಮೀಡಿಯಾ ಕನ್ವರ್ಟರ್ ಅಥವಾ ಸ್ವಿಚ್ ಇದ್ದರೆ ಬೆಳಕು ಹೋದದ್ದು ರೂಟರಿಗೆ ಕಾಣದಿರಬಹುದು. ಅಲ್ಲಿ, ರೂಟರುಗಳು ಪರಸ್ಪರ ಸಣ್ಣ ಸಂದೇಶ ಕಳಿಸಿಕೊಂಡು ಲಿಂಕ್ ಸರಿಯಿದೆಯೇ ಎಂದು ನೋಡುವ ಬಿಎಫ್‌ಡಿ ಬೇಕು. ಅದರ ಸಂದೇಶ 50 ಮಿಲಿಸೆಕೆಂಡಿಗೊಮ್ಮೆ, ಮೂರು ತಪ್ಪಿದರೆ ಕಡಿತ ಎಂದು ಇಟ್ಟರೆ ಗುರುತಿಸಲು ಸುಮಾರು 150 ಮಿಲಿಸೆಕೆಂಡು ಹಿಡಿಯುತ್ತದೆ.

ಫಾಸ್ಟ್-ರೀರೂಟ್ ಡೇಟಾಬೇಸಿನಲ್ಲಿ ‘ರೆಡಿ’ ಎಂದು ಕಂಡಮೇಲೆ, ಮಳೆಗಾಲಕ್ಕೆ ಮುಂಚೆ, ಗ್ರಾಹಕರಿಗೆ ತಿಳಿಸಿ ರಾತ್ರಿ ವೇಳೆ ಫೈಬರನ್ನೇ ಕಿತ್ತು ಪರೀಕ್ಷಿಸಿ. ಸ್ಥಿತಿ ‘ಆ್ಯಕ್ಟಿವ್’ ಆಗಬೇಕು, 1500 ಬೈಟಿನ ಪಿಂಗ್ ಹೋಗಬೇಕು, ಮತ್ತು ಸ್ವಲ್ಪ ಹೊತ್ತಿನಲ್ಲಿ ಮುಖ್ಯ ಟನೆಲ್ ತಾನೇ ಹೊಸ ದಾರಿ ಹಿಡಿದು ಬ್ಯಾಕಪ್ ಟನೆಲನ್ನು ಖಾಲಿ ಮಾಡಬೇಕು.