ತೈಲ ಪ್ರದೇಶದಲ್ಲಿ ಅಂತರ್ಜಲದ ಪರಿಶೀಲನೆ ಹೇಗೆ?

ಹೊಸ ತೈಲಬಾವಿ ಕೊರೆಯುವ ಮೊದಲೇ ಸುತ್ತಲಿನ ಕೊಳವೆಬಾವಿಗಳ ನೀರಿನ ಮಟ್ಟವನ್ನೂ ಗುಣಮಟ್ಟವನ್ನೂ ದಾಖಲಿಸಿಡಬೇಕು. ಈ ದಾಖಲೆ ಇಲ್ಲದಿದ್ದರೆ ಮುಂದೆ ಕಾಣುವ ಬದಲಾವಣೆಗೆ ಕಾರಣವೇನೆಂದು ಖಚಿತವಾಗಿ ಹೇಳುವುದು ಬಹಳ ಕಷ್ಟ.

ನೀರಿನ ಲಭ್ಯತೆಯನ್ನು ತಿಳಿಯಲು ಪಂಪ್ ನಿಲ್ಲಿಸಿ, ಮಟ್ಟ ಸ್ಥಿರವಾದ ಮೇಲೆ ನೀರಿನ ಆಳವನ್ನು ಅಳೆಯಿರಿ. ಬಳಿಕ ಒಂದೇ ಪ್ರಮಾಣದಲ್ಲಿ ಸುಮಾರು 24 ಗಂಟೆ ನೀರೆತ್ತಿ, ಮಟ್ಟ ಎಷ್ಟು ಇಳಿಯಿತು, ಪಂಪ್ ನಿಲ್ಲಿಸಿದಾಗ ಎಷ್ಟು ಬೇಗ ಮೇಲೇರಿತು ಎಂಬುದನ್ನು ಬರೆದುಕೊಳ್ಳಿ. ಮಳೆಗಾಲದ ನಂತರವೂ ಬೇಸಿಗೆಯ ಕೊನೆಯಲ್ಲೂ ಅಳತೆ ಬೇಕು.

ಗುಣಮಟ್ಟದ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ತೈಲದೊಂದಿಗೆ ಮೇಲೆ ಬರುವ ನೀರು ಎಷ್ಟೋ ಕಡೆ ಸಮುದ್ರದ ನೀರಿಗಿಂತಲೂ, ಅಂದರೆ ಲೀಟರಿಗೆ ಸುಮಾರು 35 ಗ್ರಾಂಗಿಂತಲೂ ಹೆಚ್ಚು ಉಪ್ಪಾಗಿರುತ್ತದೆ. ಆದ್ದರಿಂದ, ಉಪ್ಪು ಹೆಚ್ಚಿದಷ್ಟೂ ಹೆಚ್ಚುವ ನೀರಿನ ವಿದ್ಯುತ್ ವಾಹಕತೆ ಏರುತ್ತಿದ್ದರೆ ಅದನ್ನು ಮೊದಲ ಎಚ್ಚರಿಕೆಯೆಂದು ತಿಳಿಯಿರಿ. ಆದರೆ ನೆಲದಲ್ಲಿ ಸಹಜವಾಗಿಯೇ ಉಪ್ಪಿರಬಹುದಾದ್ದರಿಂದ, ಕ್ಲೋರೈಡ್ ಮತ್ತು ಬ್ರೋಮೈಡ್‌ಗಳ ಅನುಪಾತ, ಬೇರಿಯಂ, ಸ್ಟ್ರಾನ್ಷಿಯಂ ಎಂಬ ಲೋಹಗಳು, ಕರಗಿದ ಮೀಥೇನ್ ಅನಿಲ ಹಾಗೂ ಕಚ್ಚಾತೈಲದಲ್ಲಿರುವ ವಿಷಕಾರಿ ವಸ್ತುವಾದ ಬೆಂಜೀನ್ ಇವುಗಳ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಬೆಂಜೀನ್ ಬೇಗ ಆವಿಯಾಗುತ್ತದೆ. ಆದಕಾರಣ ಬಾವಿಯೊಳಗೆ ನಿಂತ ನೀರನ್ನು ಹೊರಹಾಕಿದ ನಂತರ, ಸಣ್ಣ ಗಾಜಿನ ಶೀಶೆಯನ್ನು ಅಂಚಿನವರೆಗೆ ನಿಧಾನವಾಗಿ ತುಂಬಿ ಮುಚ್ಚಳ ಬಿಗಿಯಿರಿ; ತಲೆಕೆಳಗು ಮಾಡಿದಾಗ ಒಂದು ಗುಳ್ಳೆ ಕಂಡರೂ ಹೊಸ ಮಾದರಿಯನ್ನೇ ತೆಗೆಯಿರಿ. ಶೀಶೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ಪ್ರಯೋಗಾಲಯಕ್ಕೆ ತಲುಪಿಸಬೇಕು.

ಕೈಬಿಟ್ಟ ಹಳೆಯ ತೈಲಬಾವಿಗಳನ್ನು ನಕ್ಷೆಯಲ್ಲಿ ತಪ್ಪದೆ ಗುರುತಿಸಿ; ತುಕ್ಕು ಹಿಡಿದ ಅವುಗಳ ಕೊಳವೆಗಳ ಮೂಲಕವೂ ಆಳದ ಉಪ್ಪುನೀರು ಮೇಲಿನ ಜಲಪದರಕ್ಕೆ ಸೇರಬಲ್ಲದು.