ಸಮುದ್ರ ನೊರೆಯಿಂದ ಮೂಳೆಯ ಚೌಕಟ್ಟು: ನನ್ನ ಅನುಭವ

ಅಪಘಾತದಲ್ಲಿ ಕಣಕಾಲಿನ ಮೂಳೆಯ ನಾಲ್ಕೈದು ಸೆಂಟಿಮೀಟರ್ ಭಾಗ ಪುಡಿಯಾಗಿ ಹೋದರೆ ಆ ಅಂತರ ಸಾಮಾನ್ಯವಾಗಿ ತಾನಾಗಿಯೇ ತುಂಬಿಕೊಳ್ಳುವುದಿಲ್ಲ. ರೋಗಿಯ ಸೊಂಟದ ಮೂಳೆಯಿಂದ ತೆಗೆದ ಕಸಿಗೆ ಸರಿಸಾಟಿಯಾದುದು ಇನ್ನೂ ಬಂದಿಲ್ಲವಾದರೂ, ಅಲ್ಲಿ ಸಿಗುವ ಪ್ರಮಾಣ ಸೀಮಿತ. ತೆಗೆದ ಜಾಗದ ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಈ ಕಾರಣಕ್ಕೇ ನಾನು ಮಂಗಳೂರಿನ ಪ್ರಯೋಗಾಲಯದಲ್ಲಿ, ಕೋಶಗಳು ಹಿಡಿದು ಬೆಳೆಯಬಲ್ಲ ಚೌಕಟ್ಟೊಂದನ್ನು ತಯಾರಿಸಲು ತೊಡಗಿದೆ. ಕಚ್ಚಾವಸ್ತು ಬಂದರಿನ ಧಕ್ಕೆಯಲ್ಲೇ ಸಿಕ್ಕಿತು: ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಎಂಬ ಕಡಲಜೀವಿಯ ಬೆನ್ನೊಳಗಿನ ಬಿಳಿ ಹಲಗೆ, ಅಂದರೆ ಸಮುದ್ರ ನೊರೆ.

ಇದು ಅರಗೊನೈಟ್ ಎಂಬ ಹರಳು ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್. ಹೊರಗಿನ ಗಟ್ಟಿ ಕವಚವನ್ನು ಕೆತ್ತಿ ತೆಗೆದು, ಒಳಗಿನ ಮೃದು ಭಾಗವನ್ನು ತುಂಡರಿಸಿ, ಸಾವಯವ ಅಂಶ ಸುಟ್ಟುಹೋಗುವಂತೆ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಬಳಿಕ, ಅಮೋನಿಯಂ ಫಾಸ್ಫೇಟ್ ದ್ರಾವಣದೊಂದಿಗೆ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ 200 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡುತ್ತೇನೆ. ಒಳರಚನೆ ಕೆಡದೆ ವಸ್ತು ಮಾತ್ರ ನಮ್ಮ ಮೂಳೆಯ ಖನಿಜಕ್ಕೆ ಹತ್ತಿರವಾದ ಹೈಡ್ರಾಕ್ಸಿಅಪಟೈಟ್ ಆಗುತ್ತದೆ. ಮೊದಲ ಸಲ ಕುಲುಮೆಯ ಶಾಖ ನನ್ನ ಗಮನ ತಪ್ಪಿ 500 ದಾಟಿತು. ಅರಗೊನೈಟ್ ಅದೇ ವಸ್ತುವಿನ ಇನ್ನೊಂದು ಹರಳು ರೂಪವಾದ ಕ್ಯಾಲ್ಸೈಟ್ ಆಗಿಬಿಟ್ಟು, ಹರಳಿನ ಬಗೆಯನ್ನು ಗುರುತಿಸುವ ಎಕ್ಸ್-ರೇ ವಿವರ್ತನೆ ಪರೀಕ್ಷೆಯಲ್ಲಿ ಹೈಡ್ರಾಕ್ಸಿಅಪಟೈಟ್‌ಗೆ ಪರಿವರ್ತನೆ ಅರ್ಧಕ್ಕೇ ನಿಂತದ್ದು ಕಂಡಿತು. ಆ ಇಡೀ ಕಂತನ್ನು ಎಸೆಯಬೇಕಾಯಿತು.

ನಿಜವಾದ ಕಷ್ಟ ಎದುರಾದದ್ದು ಕೋಶಗಳನ್ನು ಬಿತ್ತುವಾಗ. ಅಸ್ಥಿಮಜ್ಜೆಯ ಕಾಂಡಕೋಶಗಳ ದ್ರವವನ್ನು ಮೇಲಿನಿಂದ ಹನಿಸಿ, ಕೆಲವು ದಿನಗಳ ನಂತರ ತುಂಡನ್ನು ಸೀಳಿ ಬಣ್ಣ ಹಾಕಿ ನೋಡಿದರೆ, ಅಂಚಿನಲ್ಲಿ ಮಾತ್ರ ಜೀವಂತ ಕೋಶಗಳ ಹಸಿರು ತೆಳುಪಟ್ಟಿಯಿತ್ತು, ನಡುಭಾಗ ಬರಿದು. ಸೂಕ್ಷ್ಮದರ್ಶಕದಡಿ ಕಾರಣ ಸ್ಪಷ್ಟವಾಯಿತು. ಸಮುದ್ರ ನೊರೆಯೊಳಗೆ ತೆಳು ಪದರಗಳು ಸಣ್ಣ ಕಂಬಗಳ ಮೇಲೆ ಮಹಡಿಗಳಂತೆ ನಿಂತಿರುತ್ತವೆ. ಕಂಬಗಳ ನಡುವೆ ಅಡ್ಡಲಾಗಿ ದಾರಿಯಿದೆ. ಮಹಡಿಯಿಂದ ಮಹಡಿಗೆ ಇಲ್ಲ. ಸಾಲದ್ದಕ್ಕೆ ಕೋಣೆಗಳಲ್ಲಿ ಸಿಕ್ಕಿಕೊಂಡ ಗಾಳಿ ದ್ರವವನ್ನು ತಡೆಯುತ್ತಿತ್ತು. ಅಂದಿನಿಂದ ಪದರಗಳ ತೆರೆದ ಬದಿ ದ್ರವಕ್ಕೆ ಎದುರಾಗುವಂತೆ ಕತ್ತರಿಸಿ, ನಿರ್ವಾತದಲ್ಲಿ ಗಾಳಿಯನ್ನು ಹೊರಗೆಳೆದ ಮೇಲೆಯೇ ಬಿತ್ತುತ್ತೇನೆ. ಪೋಷಕ ದ್ರವವನ್ನು ಪಂಪಿನಿಂದ ಒಳಗೆ ನಿಧಾನವಾಗಿ ಹರಿಸುತ್ತೇನೆ. ಹಸಿರು ಈಗ ನಡುವಿನವರೆಗೂ ಕಾಣುತ್ತದೆ.

ಆದರೆ ದೇಹದೊಳಗೆ ಪಂಪಿಲ್ಲ. ರಕ್ತನಾಳದಿಂದ ಸುಮಾರು 200 ಮೈಕ್ರೊಮೀಟರಿಗಿಂತ ದೂರವಿರುವ ಕೋಶಕ್ಕೆ ಆಮ್ಲಜನಕ ಸಾಕಾಗುವುದಿಲ್ಲ. ದೊಡ್ಡ ತುಂಡಿನ ಒಡಲಿಗೆ ರಕ್ತನಾಳಗಳು ಬೆಳೆದು ತಲುಪಲು ವಾರಗಳೇ ಬೇಕು. ಚೌಕಟ್ಟಿನ ವಸ್ತು ಯಾವುದು ಎಂಬುದಕ್ಕಿಂತ ಈ ವಾರಗಳನ್ನು ದಾಟುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆಯೆಂದು ನನ್ನ ದೃಢವಾದ ಅಭಿಪ್ರಾಯ. ಜೊತೆಗೆ ಈ ಚೌಕಟ್ಟು ಉಗುರಿನಿಂದ ಒತ್ತಿದರೂ ಮುರಿಯುವಷ್ಟು ದುರ್ಬಲವಾದುದರಿಂದ, ಮುಂದೆಂದಾದರೂ ಕಾಲಿನಲ್ಲಿ ಕೂರಿಸುವ ಹಂತ ಬಂದರೆ ಭಾರವನ್ನು ಲೋಹದ ಪ್ಲೇಟೇ ಹೊರಬೇಕಾಗುತ್ತದೆ. ಸದ್ಯ ತುಂಡಿನ ಉದ್ದಕ್ಕೂ ಎರಡು ಮಿಲಿಮೀಟರ್ ಅಗಲದ ಕಾಲುವೆ ಕೊರೆದು, ಅದರ ಗೋಡೆಗೆ ರಕ್ತನಾಳದ ಒಳಪದರದ ಕೋಶಗಳನ್ನು ಹಿಡಿಸುವ ಕೆಲಸ ನಡೆದಿದೆ. ಕೊರೆಯುವಾಗ ಮೂರರಲ್ಲಿ ಒಂದು ತುಂಡು ಇನ್ನೂ ಬಿರುಕು ಬಿಡುತ್ತಿದೆ.